ಫೋನ್ ತಂತಿಯಲ್ಲಿ ಫೈಲ್ ತರುವುದು: ಅರ್ಧಕ್ಕೆ ನಿಲ್ಲುವ ಮೋಡೆಮ್ ರವಾನೆಯನ್ನು ಸರಿಪಡಿಸುವ ಸಮಗ್ರ ಮಾರ್ಗದರ್ಶಿ

"ಅರ್ಧ ಬಂತು, ಆಮೇಲೆ ನಿಂತೇ ಹೋಯಿತು." ಹಳೆಯ ಕಂಪ್ಯೂಟರಿನಿಂದ ಮೋಡೆಮ್ ಮೂಲಕ ಫೈಲ್ ತೆಗೆಯಲು ಹೊರಟವರಿಂದ ನಾನು ಅತಿ ಹೆಚ್ಚು ಕೇಳಿದ ಮಾತು ಇದು. ಶಿರಸಿ, ಸಿದ್ದಾಪುರ, ಕುಮಟಾ, ಅಂಕೋಲಾದ ಎಷ್ಟೋ ಮನೆಗಳಲ್ಲಿ ಇನ್ನೂ ಇಂಥ ಯಂತ್ರಗಳಿವೆ. ಒಳಗೆ ತೋಟದ ಲೆಕ್ಕ, ಸಂಘದ ನಡಾವಳಿ, ಯಾರೋ ವರ್ಷಗಟ್ಟಲೆ ಕುಳಿತು ಟೈಪ್ ಮಾಡಿದ ಯಕ್ಷಗಾನ ಪ್ರಸಂಗ. ಫ್ಲಾಪಿ ಡ್ರೈವ್ ಕೆಟ್ಟಿರುತ್ತದೆ, ಯುಎಸ್‌ಬಿ ಕಿಂಡಿ ಇರುವುದಿಲ್ಲ. ಉಳಿದದ್ದು ಫೋನ್ ತಂತಿ ಮತ್ತು ಮೋಡೆಮ್, ಅಂದರೆ ಫೈಲನ್ನು ಸದ್ದಾಗಿ ಬದಲಿಸಿ ಫೋನ್ ತಂತಿಯಲ್ಲಿ ಸಾಗಿಸುವ ಪೆಟ್ಟಿಗೆ.

ಹಾರ್ಡ್ ಡಿಸ್ಕ್ ಬಿಚ್ಚಿ ಅಡಾಪ್ಟರ್ ಹಾಕಿ ಓದಬಲ್ಲವರು ಹತ್ತಿರದಲ್ಲಿದ್ದರೆ ಅವರನ್ನು ಮನೆಗೇ ಕರೆಸಿಕೊಳ್ಳಿ. ಆದರೆ ಯಂತ್ರವನ್ನು ಬಸ್ಸಿನಲ್ಲಿ ಹೊತ್ತು ತರಬೇಡಿ. ಒಮ್ಮೆ ಕುಮಟಾ ಕಡೆಯ ಒಂದು ಕಂಪ್ಯೂಟರನ್ನು ದೇವಿಮನೆ ಘಟ್ಟ ಹತ್ತಿಸಿ ಶಿರಸಿಗೆ ತರಿಸಿದೆ. ಅಲ್ಲಿ ಚೆನ್ನಾಗಿಯೇ ಓಡುತ್ತಿದ್ದ ಡಿಸ್ಕ್ ಇಲ್ಲಿ ಕಟಕಟ ಸದ್ದು ಮಾಡಿ ನಿಂತಿತು. ಅದರೊಳಗಿದ್ದದ್ದು ಮರಳಿ ಸಿಗಲಿಲ್ಲ. ಅಂದಿನಿಂದ ಯಂತ್ರವನ್ನು ಇದ್ದಲ್ಲೇ ಇಟ್ಟು ಫೈಲನ್ನಷ್ಟೇ ತರಿಸುತ್ತೇನೆ.

ಎಡವುವವರೆಲ್ಲ ಒಂದೇ ಕಡೆ ಎಡವುತ್ತಾರೆ. ಮೊದಲು ಪ್ರೋಗ್ರಾಮನ್ನು ಬದಲಿಸುತ್ತಾರೆ, ಆಮೇಲೆ ಮೋಡೆಮ್ ಬದಲಿಸುತ್ತಾರೆ, ತಂತಿಯನ್ನು ನೋಡುವುದು ಕಟ್ಟಕಡೆಗೆ. ಇಲ್ಲಿ ಅದನ್ನು ತಿರುಗುಮುರುಗು ಮಾಡುತ್ತೇವೆ: ತಂತಿ, ಮೋಡೆಮ್, ಪೋರ್ಟ್, ಕರೆ, ವೇಗ, ಕೊನೆಗೆ ಫೈಲ್. ಒಂದು ಹಂತ ಸರಿಯಾದ ಹೊರತು ಮುಂದಿನದಕ್ಕೆ ಹೋಗಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಬೇಕಾಗುವ ಸಾಮಾನು

ಎರಡೂ ಕಡೆಗೆ ಒಂದೊಂದು ಹೊರಗಿನ ಸೀರಿಯಲ್ ಮೋಡೆಮ್, ಅಂದರೆ ಕಂಪ್ಯೂಟರಿನ ಸೀರಿಯಲ್ (ಕಾಮ್) ಪೋರ್ಟಿಗೆ ಜೋಡಿಸುವ ಮೋಡೆಮ್ ಬೇಕು. ಕಂಪ್ಯೂಟರಿನ ಒಳಗೆ ಕೂರುವ ಪಿಸಿಐ ಕಾರ್ಡುಗಳಲ್ಲಿ ಹೆಚ್ಚಿನವು ತಮ್ಮ ಕೆಲಸವನ್ನು ವಿಂಡೋಸ್ ಡ್ರೈವರಿನಿಂದ ಮಾಡಿಸಿಕೊಳ್ಳುವಂಥವು. ವಿಂಡೋಸ್‌ಗೂ ಮೊದಲಿನ ಡಾಸ್‌ನಲ್ಲಿ ಅವು ಉಸಿರೇ ಬಿಡುವುದಿಲ್ಲ. ಕೆಂಪು ದೀಪಗಳಿರುವ ಹೊರಗಿನ ಪೆಟ್ಟಿಗೆಯೇ ಒಳ್ಳೆಯದು, ದೀಪ ನೋಡಿಯೇ ಅರ್ಧ ದೋಷ ಗೊತ್ತಾಗುತ್ತದೆ.

ಮೋಡೆಮ್‌ಗೆ ನೇರ ಸೀರಿಯಲ್ ಕೇಬಲ್ ಬೇಕು. ಎರಡು ಕಂಪ್ಯೂಟರುಗಳನ್ನು ನೇರವಾಗಿ ಜೋಡಿಸುವ ನಲ್ ಮೋಡೆಮ್ ಕೇಬಲ್ ನೋಡಲು ಹಾಗೆಯೇ ಇರುತ್ತದೆ, ಆದರೆ ಒಳಗೆ ತಂತಿಗಳು ಅದಲುಬದಲು. ಅದನ್ನು ಹಾಕಿದರೆ ಮೋಡೆಮ್ ಉತ್ತರಿಸುವುದೇ ಇಲ್ಲ. ಹೊಸ ಲ್ಯಾಪ್‌ಟಾಪಿಗೆ ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಡಾಪ್ಟರ್ ಬೇಕಾಗುತ್ತದೆ.

ಜೊತೆಗೆ ತಂತಿಯಿರುವ ಒಂದು ಸಾದಾ ಫೋನ್, ಮಲ್ಟಿಮೀಟರ್, ಸಣ್ಣ ಸ್ಕ್ರೂಡ್ರೈವರ್, ಬ್ಲೇಡು, ಎರಡು ಮೀಟರ್ ಮೀರದ ಹೊಸ ಫೋನ್ ಕೇಬಲ್. ಒಂದು ನೋಟ್‌ಬುಕ್ ಕೂಡ ಇರಲಿ. ಪ್ರತಿ ಪ್ರಯತ್ನದಲ್ಲಿ ಎಷ್ಟು ಬೈಟ್ ಬಂದು ನಿಂತಿತೆಂದು ಬರೆದಿಡುವ ಕೆಲಸ ಇಡೀ ಮಾರ್ಗದರ್ಶಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು.

ಮೋಡೆಮಿಗೆ ಆಜ್ಞೆ ಕೊಟ್ಟು ಫೈಲ್ ಕಳುಹಿಸುವ ಪ್ರೋಗ್ರಾಮುಗಳು: ಡಾಸ್‌ನಲ್ಲಿ ಟೆಲಿಕ್ಸ್ ಅಥವಾ ಪ್ರೊಕಾಮ್, ವಿಂಡೋಸ್ 95ರಿಂದ ಎಕ್ಸ್‌ಪಿವರೆಗೆ ಅದರಲ್ಲೇ ಇರುವ ಹೈಪರ್‌ಟರ್ಮಿನಲ್, ಹೊಸ ವಿಂಡೋಸ್‌ನಲ್ಲಿ ಟೆರಾ ಟರ್ಮ್, ಲಿನಕ್ಸ್‌ನಲ್ಲಿ ಮಿನಿಕಾಮ್. ಮಿನಿಕಾಮ್ ಜೊತೆಗೆ ಎಲ್‌ಆರ್‌ಝಡ್‌ಎಸ್‌ಝಡ್ ಎಂಬ ಸಣ್ಣ ಪ್ಯಾಕೇಜನ್ನೂ ಹಾಕಿಕೊಳ್ಳಬೇಕು. ಅದಿಲ್ಲದಿದ್ದರೆ ಫೈಲ್ ಕಳುಹಿಸುವ ಮೆನು ಕಾಣಿಸಿದರೂ ಕೆಲಸ ನಡೆಯುವುದಿಲ್ಲ.

ಮುಂದೆ ಬರುವ ಮೋಡೆಮ್ ಆಜ್ಞೆಗಳಲ್ಲಿ ಪ್ರತಿ ಅಕ್ಷರದ ಹೆಸರನ್ನು ಕನ್ನಡದಲ್ಲಿ ಬರೆದಿದ್ದೇನೆ. ಕೀಲಿಮಣೆಯಲ್ಲಿ ಅವನ್ನು ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಹೊಡೆದು ಎಂಟರ್ ಒತ್ತಬೇಕು.

ಶುರುವಿಗೆ ಮೊದಲು: ನಿಂತದ್ದು ಎಲ್ಲಿ?

ಈಗಾಗಲೇ ಪ್ರಯತ್ನಿಸಿ ಸೋತಿದ್ದರೆ ಏನನ್ನೂ ಬದಲಿಸದೆ ಅದೇ ಫೈಲನ್ನು ಮೊದಲಿನಿಂದ ಮೂರು ಸಲ ಕಳುಹಿಸಿ. ಪ್ರತಿ ಸಲ ನಿಂತ ಜಾಗವನ್ನು ಬರೆದುಕೊಳ್ಳಿ.

ಮೂರು ಸಲವೂ ಒಂದೇ ಬೈಟಿನ ಆಸುಪಾಸಿನಲ್ಲಿ ನಿಂತರೆ ದೋಷ ಒಳಗಿದೆ: ಪೋರ್ಟಿನ ಹೊಂದಿಕೆ, ಡಿಸ್ಕಿನಲ್ಲಿ ಜಾಗ, ಇಲ್ಲವೇ ಆ ಫೈಲಿನಲ್ಲಿರುವ ಯಾವುದೋ ಅಕ್ಷರ. ಒಮ್ಮೆ ಹತ್ತು ಸಾವಿರಕ್ಕೆ, ಒಮ್ಮೆ ಲಕ್ಷಕ್ಕೆ, ಒಮ್ಮೆ ಶುರುವಾಗುತ್ತಲೇ ನಿಂತರೆ ದೋಷ ತಂತಿಯಲ್ಲಿದೆ. ಬೈಟ್ ಬೇರೆಯಾದರೂ ಗಡಿಯಾರದಲ್ಲಿ ಸಮಯ ಒಂದೇ ಆಗಿದ್ದರೆ, ಅಂದರೆ ಸರಿಯಾಗಿ ಹತ್ತು ಅಥವಾ ಹದಿನೈದು ನಿಮಿಷಕ್ಕೆ ನಿಂತರೆ, ಲ್ಯಾಪ್‌ಟಾಪ್ ನಿದ್ದೆಗೆ ಜಾರಿದೆ ಅಥವಾ ಸ್ಕ್ರೀನ್ ಸೇವರ್ ಎದ್ದಿದೆ. ಎರಡೂ ಯಂತ್ರಗಳಲ್ಲಿ ಅವನ್ನು ಆಫ್ ಮಾಡಿ.

ಈ ಒಂದು ಪರೀಕ್ಷೆ ಮಾಡದೆ ವಾರಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ. ದಯವಿಟ್ಟು ಇದನ್ನು ಬಿಡಬೇಡಿ.

ಹಂತ 1: ತಂತಿ

ಮೋಡೆಮ್ ಬಿಚ್ಚಿ ಪಕ್ಕಕ್ಕಿಡಿ. ಸಾದಾ ಫೋನನ್ನು ಜೋಡಿಸಿ, ರಿಸೀವರ್ ಎತ್ತಿ. ಡಯಲ್ ಟೋನ್ ಬಂದ ಕೂಡಲೇ 2 ಅಂಕಿಯನ್ನು ಒಮ್ಮೆ ಒತ್ತಿ ಸುಮ್ಮನಿರಿ. ಟೋನ್ ನಿಂತು ಐದಾರು ಸೆಕೆಂಡು ಮೌನ ಇರುತ್ತದೆ. ಆ ಮೌನವನ್ನು ಕಿವಿಗೊಟ್ಟು ಕೇಳಿ. ಅದು ನಿಜವಾಗಿಯೂ ಮೌನವಾಗಿರಬೇಕು.

ಗರಗರ ಸದ್ದು ಕೇಳಿದರೆ ಎಲ್ಲೋ ಜಾಯಿಂಟ್ ಸಡಿಲ. ಹದವಾದ ಗುಂಯ್ ಸದ್ದು ಬಂದರೆ ಕರೆಂಟಿನ ತಂತಿ ಪಕ್ಕದಲ್ಲೇ ಹಾದಿದೆ, ಇಲ್ಲವೇ ಮನೆಯ ಇನ್ವರ್ಟರ್ ಓಡುತ್ತಿದೆ. ಅಗ್ಗದ ಇನ್ವರ್ಟರುಗಳ ಗುಂಯ್‌ಗುಡುವಿಕೆ ಫೋನ್ ತಂತಿಗೆ ಸೇರುತ್ತದೆ, ಆದ್ದರಿಂದ ಕರೆಂಟ್ ಇರುವಾಗಲೇ ಫೈಲ್ ಕಳುಹಿಸಿ. ಗಾಳಿ ಬೀಸಿದಾಗ ಮಾತ್ರ ಸದ್ದು ಬಂದರೆ ಕಂಬದಿಂದ ಮನೆಗೆ ಬರುವ ಡ್ರಾಪ್ ವೈರ್ ಮರಕ್ಕೆ ತಾಗುತ್ತಿದೆ.

ಕರಾವಳಿಯಲ್ಲಿ ನಾನು ಮೊದಲು ತೆರೆಯುವುದು ಗೋಡೆಯ ಮೇಲೆ ಫೋನ್ ತಂತಿ ಬಂದು ಸೇರುವ ರೋಸೆಟ್ ಪೆಟ್ಟಿಗೆಯನ್ನು. ಅಂಕೋಲಾ ಹತ್ತಿರದ ಒಬ್ಬ ನಿವೃತ್ತ ಮಾಸ್ತರರ ಮನೆಯಲ್ಲಿ ಅದರ ಮುಚ್ಚಳ ತೆಗೆದರೆ ಒಳಗೆ ಇರುವೆ ಗೂಡು. ಸ್ಕ್ರೂಗಳ ಸುತ್ತ ಹಸಿರು ಕಿಲುಬು ಹಿಟ್ಟಿನ ಹಾಗೆ ಕಟ್ಟಿತ್ತು. ತಾಮ್ರದ ತಂತಿಯನ್ನು ಬೆರಳಿನಿಂದ ಮುಟ್ಟಿದ ಮಾತ್ರಕ್ಕೆ ಮುರಿದು ಕೈಗೆ ಬಂತು. "ಮಾತು ಸರಿಯಾಗಿಯೇ ಕೇಳುತ್ತದಲ್ಲ?" ಎಂದು ಮಾಸ್ತರರು ಕೇಳಿದರು. ಕೇಳುತ್ತದೆ, ನಿಜ. ಮನುಷ್ಯನ ಕಿವಿ ನಡುವೆ ತಪ್ಪಿದ ಅಕ್ಷರವನ್ನು ತಾನೇ ತುಂಬಿಕೊಳ್ಳುತ್ತದೆ. ಮೋಡೆಮ್‌ಗೆ ಆ ಸೌಲಭ್ಯವಿಲ್ಲ.

ಸರಿಪಡಿಸುವ ಕ್ರಮ ಹೀಗಿದೆ. ಕಿಲುಬು ಹಿಡಿದ ತುದಿಯನ್ನು ಅರ್ಧ ಇಂಚು ಕತ್ತರಿಸಿ ಎಸೆಯಿರಿ. ಬ್ಲೇಡಿನಿಂದ ಹೊದಿಕೆ ಸುಲಿದು, ಹೊಳೆಯುವ ತಾಮ್ರ ಕಂಡಮೇಲೆ ಸ್ಕ್ರೂವಿಗೆ ಸುತ್ತಿ ಬಿಗಿಮಾಡಿ. ಸ್ಕ್ರೂ ತುಕ್ಕು ಹಿಡಿದಿದ್ದರೆ ಪೆಟ್ಟಿಗೆಯನ್ನೇ ಬದಲಿಸಿ. ಈ ಕೆಲಸದ ನಡುವೆ ಯಾರಾದರೂ ಫೋನ್ ಮಾಡಿದರೆ ತಂತಿಯಲ್ಲಿ ಸುಮಾರು 75 ವೋಲ್ಟ್ ರಿಂಗಿನ ವಿದ್ಯುತ್ ಬರುತ್ತದೆ, ಒದ್ದೆ ಕೈಗೆ ಚೆನ್ನಾಗಿ ಹೊಡೆಯುತ್ತದೆ. ಕೈ ಒಣಗಿರಲಿ, ಕಾಲಿಗೆ ಚಪ್ಪಲಿ ಇರಲಿ.

ಈಗ ಮಲ್ಟಿಮೀಟರ್. ರಿಸೀವರ್ ಕೆಳಗಿಟ್ಟಾಗ ಎರಡು ತಂತಿಗಳ ನಡುವೆ 48 ವೋಲ್ಟಿನ ಆಸುಪಾಸು ಡಿಸಿ ತೋರಿಸಬೇಕು. ಎತ್ತಿದಾಗ ಸಾಮಾನ್ಯವಾಗಿ 6ರಿಂದ 12ರ ನಡುವೆ ಇಳಿಯುತ್ತದೆ. ಕೆಳಗಿಟ್ಟಾಗಲೂ 30ರ ಸುತ್ತ ಓಲಾಡುತ್ತಿದ್ದರೆ ಹೊರಗೆ ಎಲ್ಲೋ ನೀರು ಸೇರಿ ವಿದ್ಯುತ್ ಸೋರುತ್ತಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನಷ್ಟು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಇದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಿತ್ಯದ ಪಾಡು. ಲೈನ್‌ಮನ್‌ಗೆ ತಿಳಿಸುವಾಗ "ಮೋಡೆಮ್ ಓಡುತ್ತಿಲ್ಲ" ಎನ್ನಬೇಡಿ. "ಮಾತಿನಲ್ಲಿ ಗರಗರ ಇದೆ, ಡಿಪಿ ಪೆಟ್ಟಿಗೆಯ ಜಾಯಿಂಟ್ ನೋಡಿ" ಎನ್ನಿ. (ಡಿಪಿ ಎಂದರೆ ಹಲವು ಮನೆಗಳ ಫೋನ್ ತಂತಿಗಳು ಸೇರುವ ಹೊರಗಿನ ಪೆಟ್ಟಿಗೆ.) ಮಾತಿನ ದೋಷ ಯಾರಿಗಾದರೂ ಕೂಡಲೇ ಅರ್ಥವಾಗುತ್ತದೆ.

ಇನ್ನೂ ಮೂರು ಸಂಗತಿ ನೋಡಿಕೊಳ್ಳಿ. ಅದೇ ತಂತಿಗೆ ಸಮಾನಾಂತರವಾಗಿ ಜೋಡಿಸಿದ ಎಲ್ಲ ಫೋನುಗಳನ್ನೂ ಕಿತ್ತಿಡಿ, ಒಳಕೋಣೆಯಲ್ಲಿ ಯಾರಾದರೂ ರಿಸೀವರ್ ಎತ್ತಿದರೆ ರವಾನೆ ಅಲ್ಲಿಗೇ ಮುಗಿಯಿತು. ಕಾಲ್ ವೇಟಿಂಗ್ ಇದ್ದರೆ ತೆಗೆಸಿ, ನಡುವೆ ಬರುವ ಬೀಪ್ ಸಂಪರ್ಕ ಕಡಿಯುತ್ತದೆ. ತಂತಿಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಮೋಡೆಮನ್ನು ಸ್ಪ್ಲಿಟರಿನ (ಮಾತನ್ನೂ ಬ್ರಾಡ್‌ಬ್ಯಾಂಡನ್ನೂ ಬೇರ್ಪಡಿಸುವ ಸಣ್ಣ ಪೆಟ್ಟಿಗೆ) ಫೋನ್ ಕಿಂಡಿಗೇ ಹಾಕಿ.

ಹಂತ 2: ತಂತಿ ತಾಮ್ರದ್ದೋ ಫೈಬರ್‌ನದ್ದೋ?

ಇತ್ತೀಚೆಗೆ ಸೋಲಿಗೆ ಇದೇ ಹೆಚ್ಚು ಕಾರಣ. ಹಳೆಯ ನಂಬರೇ ಇದೆ, ಹಳೆಯ ಫೋನೇ ಇದೆ, ಆದರೆ ಗೋಡೆಯ ಮೇಲೆ ಫೈಬರ್ ಪೆಟ್ಟಿಗೆ ಬಂದು ಕುಳಿತಿದೆ. ಫೋನ್ ಅದರ ಹಿಂಬದಿಗೆ ಜೋಡಿಸಲ್ಪಟ್ಟಿದೆ. ಅಲ್ಲಿಂದ ಮುಂದೆ ನಿಮ್ಮ ದನಿ ತುಂಡುತುಂಡಾದ ಅಂಕಿಗಳಾಗಿ ಹೋಗುತ್ತದೆ. ದನಿಯನ್ನು ಕುಗ್ಗಿಸಿ ಕಳುಹಿಸುವ ಕ್ರಮವಿದ್ದರೆ ಮಾತು ಅರ್ಥವಾಗುತ್ತದೆ, ಮೋಡೆಮಿನ ಕೀಚಲು ಸದ್ದು ಮಾತ್ರ ಪೂರ್ತಿ ಕೆಡುತ್ತದೆ. ಕುಗ್ಗಿಸದೆ ಕಳುಹಿಸುವ ಜಿ.711 ಕ್ರಮವಿದ್ದರೆ ಕಡಿಮೆ ವೇಗದಲ್ಲಿ ಕೆಲಸ ಆಗಬಹುದು.

ಒಂದು ಕಡೆಯಾದರೂ ಫೈಬರ್ ಇದ್ದರೆ ಹಂತ 6ರಲ್ಲಿ ಹೇಳುವಂತೆ ಮೊದಲೇ ವೇಗವನ್ನು 9600ಕ್ಕೆ (ಸೆಕೆಂಡಿಗೆ ಇಷ್ಟು ಬಿಟ್, ಮುಂದಿನ ವೇಗಗಳೂ ಹಾಗೆಯೇ) ಇಳಿಸಿ ಮೂರು ಸಲ ಪ್ರಯತ್ನಿಸಿ. ಮೂರೂ ಸಲ ಸೋತರೆ ಅದನ್ನು ಬಿಟ್ಟು, ಊರಿನಲ್ಲಿ ತಾಮ್ರದ ತಂತಿ ಉಳಿದಿರುವ ಮನೆಯಿಂದ ನಿಮ್ಮ ಲ್ಯಾಪ್‌ಟಾಪ್ ಕಡೆಯ ಕರೆ ಮಾಡಿ. ಮೊಬೈಲಿನ ಮಾತಿನ ಕರೆಯ ಮೂಲಕ ಮೋಡೆಮ್ ಓಡಿಸುವ ಪ್ರಯತ್ನವನ್ನೇ ಮಾಡಬೇಡಿ, ಅದರಲ್ಲಿ ದನಿ ಯಾವಾಗಲೂ ಕುಗ್ಗಿಯೇ ಹೋಗುತ್ತದೆ.

ಹಂತ 3: ಮೋಡೆಮ್ ಜೀವಂತವಾಗಿದೆಯೇ?

ಹೈಪರ್‌ಟರ್ಮಿನಲ್‌ನಲ್ಲಿ ಹೊಸ ಸಂಪರ್ಕ ಮಾಡುವಾಗ ಮೋಡೆಮಿನ ಹೆಸರನ್ನು ಆರಿಸಬೇಡಿ. ನೇರವಾಗಿ ಕಾಮ್1 ಅಥವಾ ಕಾಮ್2 ಪೋರ್ಟನ್ನು ಆರಿಸಿ. ಆಗ ಮಾತ್ರ ನೀವು ಹೊಡೆದದ್ದು ನೇರ ಮೋಡೆಮಿಗೆ ಹೋಗುತ್ತದೆ.

ಎಟಿ ಎಂದು ಹೊಡೆದು ಎಂಟರ್ ಒತ್ತಿ. ಓಕೆ ಎಂಬ ಉತ್ತರ ಬರಬೇಕು. ಬರದಿದ್ದರೆ ಪೋರ್ಟ್ ತಪ್ಪು, ಕೇಬಲ್ ತಪ್ಪು, ಅಥವಾ ಮೋಡೆಮಿಗೆ ವಿದ್ಯುತ್ತೇ ಇಲ್ಲ. ಓಕೆ ಬಂದು, ನೀವು ಹೊಡೆದ ಅಕ್ಷರಗಳು ಮಾತ್ರ ಪರದೆಯ ಮೇಲೆ ಕಾಣದಿದ್ದರೆ ಎಟಿಇ1 ಕೊಡಿ.

ಮುಂದೆ ಎಟಿ&ಎಫ್ ಕೊಟ್ಟು ಕಾರ್ಖಾನೆಯ ಮೂಲ ಹೊಂದಿಕೆಗೆ ಮರಳಿಸಿ. ಇಲ್ಲಿ ಒಂದು ಹಳ್ಳವಿದೆ. ಯುಎಸ್ ರೊಬೋಟಿಕ್ಸ್ ಮೋಡೆಮ್‌ಗಳಲ್ಲಿ ಎಟಿ&ಎಫ್ ಕೊಟ್ಟರೆ ಹರಿವಿನ ನಿಯಂತ್ರಣವೇ, ಅಂದರೆ ಕಂಪ್ಯೂಟರ್ ಮತ್ತು ಮೋಡೆಮ್ ಒಂದಕ್ಕೊಂದು ನಿಲ್ಲು, ಹೊರಡು ಎಂದು ಹೇಳಿಕೊಳ್ಳುವ ಏರ್ಪಾಡೇ ಆರಿಹೋಗುತ್ತದೆ. ಅವಕ್ಕೆ ಎಟಿ&ಎಫ್1 ಕೊಡಬೇಕು. ರಾಕ್‌ವೆಲ್ ಅಥವಾ ಕನೆಕ್ಸೆಂಟ್ ಚಿಪ್ ಇರುವ ಮೋಡೆಮ್‌ಗಳಿಗೆ ಎಟಿ&ಎಫ್ ನಂತರ ಎಟಿ&ಕೆ3 ಕೊಡಿ.

ಅಪಾಯದ ಸೂಚನೆ: ಎಟಿ ಎಂದರೆ ಓಕೆ ಬರುತ್ತದೆ, ಸಾದಾ ಫೋನಿನಲ್ಲಿ ಡಯಲ್ ಟೋನ್ ಕೇಳುತ್ತದೆ, ಮೋಡೆಮ್ ಮಾತ್ರ ಪ್ರತಿ ಸಲ ನೋ ಡಯಲ್‌ಟೋನ್ ಎನ್ನುತ್ತದೆ. ಮೊದಲು ಎಟಿಎಕ್ಸ್3 ಕೊಟ್ಟು ನೋಡಿ, ಡಯಲ್ ಟೋನಿಗೆ ಕಾಯದೆ ನಂಬರ್ ತಿರುಗಿಸಲು ಅದು ಹೇಳುತ್ತದೆ. ಆಗಲೂ ಸ್ಪೀಕರಿನಿಂದ ಏನೂ ಕೇಳದಿದ್ದರೆ ಮೋಡೆಮಿನ ಫೋನ್ ಬದಿ ಸಿಡಿಲಿಗೆ ಸುಟ್ಟಿದೆ. ಕಂಪ್ಯೂಟರ್ ಬದಿ ಬದುಕಿರುವುದರಿಂದ ಓಕೆ ಎನ್ನುತ್ತಿದೆ ಅಷ್ಟೆ. ಬೇರೆ ಮೋಡೆಮ್ ಹುಡುಕಿ.

ಹಂತ 4: ಪೋರ್ಟಿನ ಹೊಂದಿಕೆ

ಒಂದೇ ಜಾಗದಲ್ಲಿ ನಿಲ್ಲುವವರಿಗೆ ಉತ್ತರ ಹೆಚ್ಚಾಗಿ ಇಲ್ಲೇ ಇರುತ್ತದೆ.

ಎರಡೂ ಕಡೆ 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಎಂದಿರಬೇಕು. 7 ಬಿಟ್, ಈವನ್ ಪ್ಯಾರಿಟಿ ಎಂದಿದ್ದರೆ ಕನ್ನಡದ ಫೈಲಿಗೆ ವಿಶೇಷ ಕಂಟಕ. ಕಾರಣ ತಿಳಿದಿರಲಿ. ಹಳೆಯ ನುಡಿ, ಬರಹದಂಥ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡದ ಎಷ್ಟೋ ಅಕ್ಷರಭಾಗಗಳು 127ಕ್ಕಿಂತ ಮೇಲಿನ ಸಂಖ್ಯೆಗಳಲ್ಲಿ ಕುಳಿತಿವೆ. ಇಂಗ್ಲಿಷ್ ಅಕ್ಷರಗಳೆಲ್ಲ 127ರ ಒಳಗೇ ಇವೆ. 7 ಬಿಟ್‌ನಲ್ಲಿ 127ರ ಮೇಲಿನದೆಲ್ಲ ಕತ್ತರಿಸಿ ಹೋಗುತ್ತದೆ. ಹಾಗಾಗಿಯೇ "ಇಂಗ್ಲಿಷ್ ಪತ್ರ ಸರಿಯಾಗಿ ಬಂತು, ಕನ್ನಡದ್ದು ಮಾತ್ರ ಹಾಳಾಯಿತು" ಎಂದು ಹೇಳುವವರ ಯಂತ್ರದಲ್ಲಿ ನಾನು ಮೊದಲು ನೋಡುವುದು ಈ ಹೊಂದಿಕೆಯನ್ನು.

ಹರಿವಿನ ನಿಯಂತ್ರಣದಲ್ಲಿ ಹಾರ್ಡ್‌ವೇರ್ ಎಂಬುದನ್ನು ಆರಿಸಿ. ಎಕ್ಸ್‌ಆನ್/ಎಕ್ಸ್‌ಆಫ್ ಎಂಬುದು ಬೇಡ. ಅದು ನಿಲ್ಲು, ಹೊರಡು ಎಂದು ಹೇಳಲು 19 ಮತ್ತು 17ನೇ ಸಂಕೇತಗಳನ್ನು ಬಳಸುತ್ತದೆ. ನಿಮ್ಮ ಫೈಲಿನಲ್ಲೇ ಆ ಸಂಕೇತಗಳಿದ್ದರೆ ಮೋಡೆಮ್ ಅವನ್ನು ಆಜ್ಞೆ ಎಂದು ತಿಳಿದು ನುಂಗುತ್ತದೆ. ಎಕ್ಸ್‌ಮೋಡೆಮ್ ಎಂಬ ಹಳೆಯ ರವಾನೆ ಕ್ರಮ ಬಳಸುವವರ ಫೈಲ್ ಪ್ರತಿ ಸಲ ಒಂದೇ ಜಾಗದಲ್ಲಿ ಸಾಯುವುದು ಹೆಚ್ಚಾಗಿ ಇದರಿಂದಲೇ.

ಪೋರ್ಟಿನ ವೇಗ ಬೇರೆ, ತಂತಿಯ ವೇಗ ಬೇರೆ. ಪೋರ್ಟನ್ನು 57600ಕ್ಕೆ ಇಡಿ. ಆದರೆ ತೀರಾ ಹಳೆಯ ಯಂತ್ರದ ಸೀರಿಯಲ್ ಚಿಪ್ 8250 ಅಥವಾ 16450 ಆಗಿದ್ದರೆ ಅದಕ್ಕೆ ಒಂದು ಸಲಕ್ಕೆ ಒಂದೇ ಬೈಟ್ ಹಿಡಿದುಕೊಳ್ಳುವ ಶಕ್ತಿ. 16550ಎ ಆದರೆ 16 ಬೈಟ್ ಹಿಡಿಯುತ್ತದೆ. ಡಾಸ್‌ನ ಎಂಎಸ್‌ಡಿ ಪ್ರೋಗ್ರಾಮ್ ಓಡಿಸಿ ಕಾಮ್ ಪೋರ್ಟ್ ಪುಟ ನೋಡಿದರೆ, ವಿಂಡೋಸ್ 98ರಲ್ಲಿ ಮೋಡೆಮ್ ಡಯಾಗ್ನೋಸ್ಟಿಕ್ಸ್ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಹಳೆಯ ಚಿಪ್ ಇದ್ದರೆ 19200 ಮೀರಬೇಡಿ.

ಮೌಸ್ ಅಲುಗಾಡಿಸಿದಾಗ ರವಾನೆ ನಿಲ್ಲುತ್ತಿದೆಯೇ? ಮೌಸ್ ಕಾಮ್1ರಲ್ಲಿದೆ, ಮೋಡೆಮ್ ಕಾಮ್3ರಲ್ಲಿದೆ. ಸಾಮಾನ್ಯವಾಗಿ ಎರಡಕ್ಕೂ ಒಂದೇ ಐಆರ್‌ಕ್ಯೂ 4, ಅಂದರೆ ಕಂಪ್ಯೂಟರಿನ ಗಮನ ಸೆಳೆಯುವ ಗೆರೆ ಒಂದೇ. ಮೋಡೆಮನ್ನು ಕಾಮ್2ಕ್ಕೆ ಬದಲಿಸಿ.

ಹಂತ 5: ಮಾತಾಡುತ್ತಲೇ ಕರೆ ಕೂಡಿಸುವುದು

ಒಂದು ಕಡೆ ತಾನಾಗಿ ಉತ್ತರಿಸುವಂತೆ ಇಟ್ಟು ಇನ್ನೊಂದು ಕಡೆಯಿಂದ ಡಯಲ್ ಮಾಡುವುದು ಪುಸ್ತಕದ ಕ್ರಮ. ನಮ್ಮ ಕೆಲಸಕ್ಕೆ ಅದಕ್ಕಿಂತ ಒಳ್ಳೆಯದು ಮಾತಿನಿಂದ ಶುರುಮಾಡುವುದು. ಆ ಕಡೆ ಕುಳಿತವರು ಬಹಳ ಸಲ ವಯಸ್ಸಾದವರು, ಅಥವಾ ಕಂಪ್ಯೂಟರ್ ಅಷ್ಟಾಗಿ ಅಭ್ಯಾಸವಿಲ್ಲದವರು. ಫೋನಿನಲ್ಲಿ ದನಿ ಕೇಳುತ್ತಿದ್ದರೆ ಅವರಿಗೂ ಧೈರ್ಯ, ನಿಮಗೂ ಅಲ್ಲಿ ಏನಾಗುತ್ತಿದೆಯೆಂದು ತಿಳಿಯುತ್ತದೆ. ಇದೊಂದು ಕೆಲಸಕ್ಕೆ ಮಾತ್ರ ಎರಡೂ ಕಡೆ ಸಾದಾ ಫೋನನ್ನು ಮೋಡೆಮಿನ ಹಿಂಬದಿಯ ಫೋನ್ ಕಿಂಡಿಗೆ ಜೋಡಿಸಿಕೊಳ್ಳಿ.

ಸಾದಾ ಫೋನಿನಿಂದ ಕರೆ ಮಾಡಿ ಮಾತಾಡಿ. ತಂತಿಯ ಸದ್ದನ್ನು ಇಬ್ಬರೂ ಕೇಳಿಸಿಕೊಳ್ಳಿ, ಗರಗರ ಇದ್ದರೆ ಫೋನ್ ಇಟ್ಟು ಇನ್ನೊಮ್ಮೆ ಕರೆ ಮಾಡಿ. ಸದ್ದಿಲ್ಲದ ಕರೆ ಸಿಕ್ಕಮೇಲೆ ಅವರಿಗೆ ಎಟಿಎ ಎಂದು ಟೈಪ್ ಮಾಡಿ ಕಾಯಲು ಹೇಳಿ, ಎಂಟರ್ ಇನ್ನೂ ಬೇಡ. ನೀವು ಎಟಿಎಕ್ಸ್3ಡಿ ಎಂದು ಹೊಡೆದು ಎಂಟರ್ ಒತ್ತಿ, "ಈಗ ಒತ್ತಿ" ಎನ್ನಿ. ಅವರೂ ಎಂಟರ್ ಒತ್ತುತ್ತಾರೆ. ಕೀಚಲು ಸದ್ದು ಶುರುವಾದ ಕೂಡಲೇ ಇಬ್ಬರೂ ರಿಸೀವರ್ ಕೆಳಗಿಡಿ. ಎರಡೂ ಪರದೆಗಳಲ್ಲಿ ಕನೆಕ್ಟ್ ಎಂದು ಬರುತ್ತದೆ. ಅದಕ್ಕೆ ಅರ್ಧ ನಿಮಿಷ ಹಿಡಿದರೂ ಗಾಬರಿಯಾಗಬೇಡಿ.

ಇಲ್ಲಿ ಆಗುವ ದೊಡ್ಡ ತಪ್ಪು ಕೆಲಸ ನಡೆಯುತ್ತಿದೆಯೇ ಎಂದು ನೋಡಲು ನಡುವೆ ರಿಸೀವರ್ ಎತ್ತುವುದು. ಮೊದಲೇ ತಿಳಿಸಿಡಿ. ಒಂದು ಮನೆಯಲ್ಲಿ ನಾಲ್ಕು ಸಲ ಕಡಿದುಹೋದ ಮೇಲೆ, ಅಡುಗೆಮನೆಯಲ್ಲಿದ್ದ ಎರಡನೇ ಫೋನಿನಿಂದ ಅಜ್ಜಿ "ಮುಗಿಯಿತೇ ತಮ್ಮಾ?" ಎಂದು ಕೇಳುತ್ತಿದ್ದುದು ಗೊತ್ತಾಯಿತು. ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ.

ತಾನಾಗಿ ಉತ್ತರಿಸುವಂತೆ ಎಟಿಎಸ್0=1 ಕೊಟ್ಟಿದ್ದರೆ ಕೆಲಸ ಮುಗಿದ ಮೇಲೆ ಎಟಿಎಸ್0=0 ಕೊಡುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಆ ಮನೆಗೆ ಫೋನ್ ಮಾಡಿದವರಿಗೆಲ್ಲ ಕೀಚಲು ಸದ್ದೇ ಕೇಳಿಸುತ್ತದೆ.

ಹಂತ 6: ವೇಗ ಇಳಿಸುವುದು

ಪೆಟ್ಟಿಗೆಯ ಮೇಲೆ 56 ಕೆ ಎಂದು ಬರೆದಿದೆ, ಆದ್ದರಿಂದ ಅಷ್ಟು ವೇಗ ಬರಬೇಕೆಂದು ಹಟ ಹಿಡಿಯುವವರಿದ್ದಾರೆ. ಎರಡು ಮನೆಗಳ ಸಾದಾ ಮೋಡೆಮ್‌ಗಳು ಪರಸ್ಪರ ಮಾತಾಡುವಾಗ ಆ ವೇಗ ಬರುವುದೇ ಸಾಧ್ಯವಿಲ್ಲ. ಅದಕ್ಕೆ ಒಂದು ತುದಿ ನೇರವಾಗಿ ಡಿಜಿಟಲ್ ಜಾಲಕ್ಕೆ ಸೇರಿರಬೇಕು. ಎರಡು ಸಾದಾ ಮೋಡೆಮ್‌ಗಳ ನಡುವಿನ ಗರಿಷ್ಠ ವೇಗ 33600. ನಮ್ಮ ತಂತಿಗಳ ಮೇಲೆ ಅದೂ ಹೆಚ್ಚು.

ವೇಗ ಹೆಚ್ಚಿದ್ದಾಗ ಸಣ್ಣ ಸದ್ದಿಗೂ ಎರಡೂ ಮೋಡೆಮ್‌ಗಳು ನಿಂತು ಮತ್ತೆ ಹೊಂದಾಣಿಕೆ ಮಾಡಿಕೊಳ್ಳುತ್ತವೆ. ದೀಪಗಳು ಹಲವು ಸೆಕೆಂಡು ಸ್ತಬ್ಧವಾಗಿ ಮತ್ತೆ ಮಿನುಗಿದರೆ ಆಗುತ್ತಿರುವುದು ಇದೇ. ಎರಡು ಮೂರು ಸಲ ಹೀಗಾದ ಮೇಲೆ ಸಂಪರ್ಕ ಕಡಿದು ಪರದೆಯ ಮೇಲೆ ನೋ ಕ್ಯಾರಿಯರ್ ಎಂದು ಬರುತ್ತದೆ. 14400ಕ್ಕೆ ಇಳಿಸಿದರೆ ಅದೇ ತಂತಿ ಗಂಟೆಗಟ್ಟಲೆ ನಿಲ್ಲುತ್ತದೆ.

ಎಷ್ಟೋ ಮೋಡೆಮ್‌ಗಳಲ್ಲಿ ಇದಕ್ಕೆ ಎಟಿ+ಎಂಎಸ್=ವಿ32ಬಿ ಕೊಡಬೇಕು. ಹಳೆಯ ರಾಕ್‌ವೆಲ್ ಚಿಪ್ ಆಗಿದ್ದರೆ ಎಟಿ+ಎಂಎಸ್=10. ಯುಎಸ್ ರೊಬೋಟಿಕ್ಸ್‌ನಲ್ಲಿ ಎಟಿ&ಎನ್ ಆಜ್ಞೆ, 9600ಕ್ಕೆ ಅದರ ಮುಂದೆ 6 ಹಾಕಬೇಕು. ಒಂದು ಕಡೆ ಇಳಿಸಿದರೆ ಸಾಕು, ಇನ್ನೊಂದು ತಾನಾಗಿ ಒಪ್ಪಿಕೊಳ್ಳುತ್ತದೆ. ಅಭ್ಯಾಸವಿರುವ ನೀವೇ ನಿಮ್ಮ ಬದಿಯಲ್ಲಿ ಇಳಿಸಿ.

ಲೆಕ್ಕ ನೋಡಿ. ಒಂದು 1.44 ಎಂಬಿ ಫ್ಲಾಪಿಯಷ್ಟು ದತ್ತಾಂಶ 33600ರಲ್ಲಿ ಸುಮಾರು 7 ನಿಮಿಷ, 14400ರಲ್ಲಿ ಸುಮಾರು 15, 9600ರಲ್ಲಿ ಸುಮಾರು 22 ನಿಮಿಷ. ಒಂದೇ ಸಲಕ್ಕೆ ಪೂರ್ತಿಯಾಗುವ 15 ನಿಮಿಷ, ಆರು ಸಲ ಕಡಿದ 7 ನಿಮಿಷಕ್ಕಿಂತ ಬೇಗ ಮುಗಿಯುತ್ತದೆ.

ಜೊತೆಗೆ ಎಟಿಎಸ್10=50 ಕೊಡಿ. ಎದುರಿನ ಸಂಕೇತ ಕ್ಷಣಕಾಲ ಮರೆಯಾದರೆ ಕೂಡಲೇ ಕಡಿಯದೆ ಐದು ಸೆಕೆಂಡು ಕಾಯುತ್ತದೆ. ಗಾಳಿಗೆ ಓಲಾಡುವ ತಂತಿಗೆ ಇದು ತುಂಬಾ ಉಪಕಾರಿ. ಎಟಿಎಸ್2=255 ಕೂಡ ಕೊಡಿ. ಫೈಲಿನ ಒಳಗೆ ಎಲ್ಲಾದರೂ ಮೂರು ಪ್ಲಸ್ ಚಿಹ್ನೆ ಒಟ್ಟಿಗೆ ಬಂದರೆ ಕೆಲವು ಅಗ್ಗದ ಮೋಡೆಮ್‌ಗಳು ಅದನ್ನು ಆಜ್ಞೆಯ ಮುನ್ಸೂಚನೆ ಎಂದು ತಿಳಿದು ರವಾನೆ ನಿಲ್ಲಿಸುತ್ತವೆ. ಈ ಹೊಂದಿಕೆ ಆ ದಾರಿಯನ್ನೇ ಮುಚ್ಚುತ್ತದೆ.

ಹಂತ 7: ಫೈಲನ್ನು ಅಣಿಗೊಳಿಸುವುದು

ಮೊದಲ ಫೈಲ್ ನಿಮ್ಮ ಕಡೆಯಿಂದ ಆ ಕಡೆಗೆ ಹೋಗಲಿ. ಜಿಪ್ ಮಾಡುವ ಪಿಕೆಜಿಪ್ ಪ್ರೋಗ್ರಾಮ್ ಅಲ್ಲಿ ಇಲ್ಲದಿದ್ದರೆ ಅದನ್ನೇ ಕಳುಹಿಸಿ. ಸಣ್ಣ ಫೈಲಾದ್ದರಿಂದ ದಾರಿಯ ಪರೀಕ್ಷೆಯೂ ಆಗುತ್ತದೆ. ಬೆಲೆಬಾಳುವ ಫೈಲನ್ನು ಪರೀಕ್ಷೆಗೆ ಒಡ್ಡಬೇಡಿ.

ಆಮೇಲೆ ಬೇಕಾದ ಫೈಲುಗಳನ್ನು 200 ಕೆಬಿ ಆಸುಪಾಸಿನ ಪ್ರತ್ಯೇಕ ಜಿಪ್‌ಗಳಾಗಿ ಮಾಡಿಸಿ. 14400ರಲ್ಲಿ ಒಂದೊಂದಕ್ಕೂ ಎರಡು ನಿಮಿಷದ ಆಸುಪಾಸು ಸಾಕು. ಒಂದೇ ದೊಡ್ಡ ಫೈಲ್ ಇದ್ದರೆ ಎಆರ್‌ಜೆ ಪ್ರೋಗ್ರಾಮಿನಿಂದ ಅದನ್ನು ತುಂಡು ಮಾಡಬಹುದು. ಹೆಸರು ಎಂಟು ಅಕ್ಷರ ಮೀರದಿರಲಿ, ಜಾಗ ಬಿಡಬೇಡಿ: ಲೆಕ್ಕ01, ಲೆಕ್ಕ02 ಎಂಬಂಥ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿಸಿ. ಹಳೆಯ ಡಿಸ್ಕ್ ತುಂಬಿಹೋಗಿದ್ದರೆ ಜಿಪ್ ಮಾಡಲು ಜಾಗವೇ ಇರುವುದಿಲ್ಲ. ಆಗ ಏನನ್ನೂ ಅಳಿಸಬೇಡಿ. ಫೈಲುಗಳನ್ನು ಜಿಪ್ ಮಾಡದೆ ಇದ್ದ ಹಾಗೇ ಒಂದೊಂದಾಗಿ ತನ್ನಿ.

ಫಾಂಟ್ ಫೈಲುಗಳನ್ನೂ ಮರೆಯದೆ ತರಿಸಿ. ಯಾಕೆಂಬುದು ಹಂತ 9ರಲ್ಲಿದೆ.

ಹಂತ 8: ಕಳುಹಿಸುವುದು

ಪ್ರೋಗ್ರಾಮಿನಲ್ಲಿರುವ ಫೈಲ್ ರವಾನೆ ಕ್ರಮಗಳಲ್ಲಿ ಎರಡೂ ಕಡೆ ಝಡ್‌ಮೋಡೆಮ್ ಎಂಬುದನ್ನು ಆರಿಸಿ. ತಪ್ಪಾದ ತುಂಡನ್ನು 32 ಬಿಟ್‌ಗಳ ತಾಳೆಯಿಂದ ಕಂಡುಹಿಡಿದು ತಾನೇ ಮತ್ತೆ ಕೇಳಿ ಪಡೆಯುತ್ತದೆ, ಹೆಸರನ್ನೂ ಗಾತ್ರವನ್ನೂ ಜೊತೆಗೇ ತರುತ್ತದೆ. ವಿಂಡೋಸ್ 3.1ರ ಟರ್ಮಿನಲ್ ಪ್ರೋಗ್ರಾಮ್ ಮಾತ್ರ ಇರುವ ಯಂತ್ರದಲ್ಲಿ ಝಡ್‌ಮೋಡೆಮ್ ಸಿಗುವುದಿಲ್ಲ, ಅಲ್ಲಿ ಕರ್ಮಿಟ್ ಬಳಸಿ. ನಿಧಾನ, ಆದರೆ ಗಟ್ಟಿ. ಎಕ್ಸ್‌ಮೋಡೆಮ್ ಕಟ್ಟಕಡೆಯ ಆಯ್ಕೆ. ಅದು 128 ಬೈಟುಗಳ ಕಟ್ಟುಗಳಲ್ಲಿ ಕಳುಹಿಸಿ, ಕೊನೆಯ ಕಟ್ಟಿನಲ್ಲಿ ಉಳಿದ ಜಾಗಕ್ಕೆ ಬೇರೆ ಸಂಕೇತ ತುಂಬುವುದರಿಂದ ಫೈಲಿನ ಗಾತ್ರವೇ ಬದಲಾಗುತ್ತದೆ.

ಹೈಪರ್‌ಟರ್ಮಿನಲ್ ಮೆನುವಿನಲ್ಲಿ ಫೈಲ್ ಕಳುಹಿಸುವ ಆಯ್ಕೆಗಳು ಎರಡಿವೆ. ಟೆಕ್ಸ್ಟ್ ಫೈಲ್ ಕಳುಹಿಸುವುದೆಂಬುದನ್ನು ಒತ್ತಬೇಡಿ, ಫೈಲ್ ಒಳಗೆ ಬರೀ ಬರಹವಿದ್ದರೂ ಸರಿಯೇ. ಅದರಲ್ಲಿ ತಾಳೆ ನೋಡುವ ಏರ್ಪಾಡೇ ಇಲ್ಲ, ತಪ್ಪಾದದ್ದು ತಪ್ಪಾಗಿಯೇ ಬಂದು ಕೂರುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

ರವಾನೆ ನಡೆಯುವಾಗ ಪರದೆಯ ಮೇಲಿನ ದೋಷಗಳ ಎಣಿಕೆಯನ್ನು ಗಮನಿಸಿ. ಇಡೀ ಫೈಲಿಗೆ ಒಂದೆರಡು ಬಂದರೆ ಚಿಂತೆಯಿಲ್ಲ. ನಿಮಿಷಕ್ಕೆ ಹತ್ತಾರು ಏರುತ್ತಿದ್ದರೆ ಕೂಡಲೇ ನಿಲ್ಲಿಸಿ ಹಂತ 4ರ ಹರಿವಿನ ನಿಯಂತ್ರಣವನ್ನು ನೋಡಿ. ಮೋಡೆಮ್‌ಗಳು ತಂತಿಯ ದೋಷವನ್ನು ತಾವೇ ಸರಿಪಡಿಸಿಕೊಳ್ಳುತ್ತಿರುವಾಗಲೂ ಎಣಿಕೆ ಏರಿದರೆ ಅಕ್ಷರಗಳು ಕಳೆಯುತ್ತಿರುವುದು ಕಂಪ್ಯೂಟರ್ ಮತ್ತು ಮೋಡೆಮಿನ ನಡುವಿನ ಆ ಒಂದು ಮೀಟರ್ ಕೇಬಲಿನಲ್ಲಿ.

ನಡುವೆ ಕಡಿದರೆ ಅರ್ಧ ಬಂದ ಫೈಲನ್ನು ಅಳಿಸಬೇಡಿ. ಕರೆ ಮತ್ತೆ ಕೂಡಿಸಿ, ಹೈಪರ್‌ಟರ್ಮಿನಲ್‌ನಲ್ಲಿ ಝಡ್‌ಮೋಡೆಮ್ ವಿತ್ ಕ್ರ್ಯಾಶ್ ರಿಕವರಿ ಆರಿಸಿ, ಅದೇ ಹೆಸರಿನ ಫೈಲನ್ನು ಕಳುಹಿಸಿದರೆ ನಿಂತಲ್ಲಿಂದ ಮುಂದುವರಿಯುತ್ತದೆ. ನಿಮ್ಮ ಪ್ರೋಗ್ರಾಮಿನಲ್ಲಿ ಈ ಸೌಲಭ್ಯವಿದೆಯೇ ಎಂದು ಮೊದಲೇ ಸಣ್ಣ ಫೈಲಿನಿಂದ ಪರೀಕ್ಷಿಸಿಕೊಂಡಿರಿ.

ಕರೆ ಮುಗಿದ ಮೇಲೆ ಎಟಿಐ6 ಕೊಟ್ಟರೆ ಯುಎಸ್ ರೊಬೋಟಿಕ್ಸ್ ಮೋಡೆಮ್, ಎಟಿ&ವಿ1 ಕೊಟ್ಟರೆ ಕನೆಕ್ಸೆಂಟ್ ಮೋಡೆಮ್ ಆ ಕರೆಯ ವರದಿ ಕೊಡುತ್ತದೆ: ಯಾವ ವೇಗ, ಎಷ್ಟು ಸಲ ಮರುಹೊಂದಾಣಿಕೆ, ಕಡಿದದ್ದೇಕೆ. ಅದನ್ನು ನೋಟ್‌ಬುಕ್ಕಿಗೆ ಇಳಿಸಿ.

ಹಂತ 9: ಬಂದದ್ದು ಸರಿಯಿದೆಯೇ?

ಮೊದಲು ಬೈಟುಗಳ ಲೆಕ್ಕ. ಆ ಕಡೆಯವರು ಡಾಸ್‌ನಲ್ಲಿ ಫೈಲುಗಳ ಪಟ್ಟಿ ತೋರಿಸುವ ಡಿಐಆರ್ ಆಜ್ಞೆ ಕೊಟ್ಟು ಗಾತ್ರವನ್ನು ಓದಲಿ, ನೀವು ನಿಮ್ಮ ಕಡೆ ತಾಳೆ ನೋಡಿ. ಒಂದು ಬೈಟ್ ವ್ಯತ್ಯಾಸವೂ ಇರಬಾರದು. ಆಮೇಲೆ ಜಿಪ್ ಪರೀಕ್ಷೆ: ಪಿಕೆಅನ್‌ಜಿಪ್‌ಗೆ ಟಿ ಆಯ್ಕೆ ಕೊಟ್ಟು ಓಡಿಸಿದರೆ ಒಳಗಿನ ಪ್ರತಿ ಫೈಲನ್ನೂ ತಾಳೆ ನೋಡಿ ಸರಿಯೋ ತಪ್ಪೋ ಹೇಳುತ್ತದೆ. ಹೊಸ ಜಿಪ್ ಪ್ರೋಗ್ರಾಮುಗಳಲ್ಲೂ ಈ ಪರೀಕ್ಷೆ ಇದೆ.

ಎರಡೂ ಸರಿಯಿದ್ದು, ಫೈಲ್ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಟೊಪ್ಪಿ ಹಾಕಿದ ಸ್ವರಗಳು, ವಿಚಿತ್ರ ಚಿಹ್ನೆಗಳು ಕಂಡರೆ ರವಾನೆ ಕೆಟ್ಟಿದೆ ಎಂದುಕೊಳ್ಳಬೇಡಿ. ಎಷ್ಟೋ ಮಂದಿ ಇಲ್ಲಿಯವರೆಗೆ ಎಲ್ಲವನ್ನೂ ಸರಿಯಾಗಿ ಮಾಡಿ, ಇದನ್ನು ನೋಡಿ ಹತಾಶರಾಗಿ ಫೈಲ್ ಅಳಿಸಿಬಿಟ್ಟಿದ್ದಾರೆ. ಅದು ಸರಿಯಾದ ಕನ್ನಡವೇ. ಹೊಸ ಯಂತ್ರದಲ್ಲಿ ಆ ಹಳೆಯ ಫಾಂಟ್ ಇಲ್ಲದ್ದರಿಂದ ಹಾಗೆ ಕಾಣುತ್ತಿದೆ. ಜೊತೆಗೆ ತರಿಸಿದ ಫಾಂಟನ್ನು ಹಾಕಿ, ಬರಹವನ್ನೆಲ್ಲ ಆರಿಸಿ ಆ ಫಾಂಟಿಗೆ ಬದಲಿಸಿ. ಅಕ್ಷರಗಳು ಕಣ್ಣೆದುರೇ ಕನ್ನಡವಾಗುತ್ತವೆ. ನಂತರ ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿಕೊಂಡು, ಮೂಲ ಫೈಲನ್ನೂ ಇಟ್ಟುಕೊಳ್ಳಿ. ಹಳೆಯ ಪರಿವರ್ತನೆಗಳಲ್ಲಿ ಒತ್ತಕ್ಷರಗಳು, ಅರ್ಕಾವತ್ತು ತಪ್ಪುವುದುಂಟು. ಮೂಲವಿದ್ದರೆ ತಾಳೆ ನೋಡಬಹುದು.

ಬಂದದ್ದನ್ನು ಎರಡು ಬೇರೆ ಕಡೆ ನಕಲು ಮಾಡಿ. ಪ್ರತಿ ಫೈಲನ್ನೂ ತೆರೆದು ಓದುವ ತನಕ ಹಳೆಯ ಯಂತ್ರದಲ್ಲಿ ಏನನ್ನೂ ಅಳಿಸಲು ಬಿಡಬೇಡಿ. ಕೆಲಸ ಮುಗಿದ ಕೂಡಲೇ ಎರಡೂ ಕಡೆ ಮೋಡೆಮಿನ ಫೋನ್ ಕೇಬಲನ್ನೂ ವಿದ್ಯುತ್ ಅಡಾಪ್ಟರನ್ನೂ ಕೀಳಿಸಿ. ಸ್ವಿಚ್ ಆರಿಸಿದರೆ ಸಾಲದು. ಮೇ ತಿಂಗಳ ಮಳೆಯಲ್ಲೂ ಅಕ್ಟೋಬರಿನ ಮಳೆಯಲ್ಲೂ ಸಂಜೆ ಮೋಡ ಕಟ್ಟಿದ ದಿನ ಕೆಲಸ ಶುರುವನ್ನೇ ಮಾಡಬೇಡಿ. ಆ ತಿಂಗಳುಗಳಲ್ಲಿ ನಾನು ಬೆಳಿಗ್ಗೆ ಆರಕ್ಕೆ ಕುಳಿತು ಹತ್ತರೊಳಗೆ ಮುಗಿಸುತ್ತೇನೆ.